ವಲ್ಲಿಯ ಕೆಳಗಿನ ಕೈ

ಶನಿವಾರ ನಲವತ್ತೆಂಟು ಮಂದಿ ಕುಳಿತು ಶುರುವಾದ ಆಟ, ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾಲ್ವರಿಗೆ ಇಳಿದಿತ್ತು. ಆ ನಾಲ್ವರಲ್ಲಿ ನಾಗರತ್ನಾ ಒಬ್ಬಳು. ರಾಣೆಬೆನ್ನೂರಿನ ಈ ಹತ್ತಿ ವರ್ತಕರ ಕ್ಲಬ್ಬಿನ ಅಡುಗೆಮನೆಯನ್ನು ಹತ್ತೊಂಬತ್ತು ವರ್ಷ ನಡೆಸಿದವಳು. ಇದೇ ಮೇಜಿಗೆ ಚಹಾ ತಂದಿಟ್ಟು, ಖಾಲಿ ಕಪ್ಪುಗಳನ್ನು ಎತ್ತಿಕೊಳ್ಳುವ ನೆಪದಲ್ಲಿ ಆಡುವವರ ಬೆನ್ನ ಹಿಂದೆ ಅರೆಗಳಿಗೆ ನಿಂತು ಆಟ ಕಲಿತವಳು. ಕುಳಿತು ನೋಡಿದರೆ ಕೋಣೆಯೇ ಬೇರೆಯಾಗಿತ್ತು. ಫ್ಯಾನು ಇಷ್ಟು ಮೆಲ್ಲಗೆ ತಿರುಗುತ್ತದೆಂಬುದು, ಗೋಡೆಯ ಮೇಲಿನ ವಿಜೇತರ ಹಲಗೆಯನ್ನು ಇಲ್ಲಿಂದ ಕತ್ತೆತ್ತದೆ ಓದಬಹುದೆಂಬುದು ಅವಳಿಗೆ ಈ ಆಟದಲ್ಲೇ ತಿಳಿದದ್ದು.

ಅವಳಿಗೆ ಬೇಕಾಗಿದ್ದದ್ದು ಹಲಗೆಯಲ್ಲ, ಅರವತ್ತು ಸಾವಿರ ರೂಪಾಯಿ. ಏಪ್ರಿಲ್ ಒಂದರಿಂದ ಕ್ಲಬ್ಬಿನ ಅಡುಗೆಮನೆ ಟೆಂಡರಿನ ಮೇಲೆ ಬೇರೆಯವರ ಪಾಲಾಗುವುದೆಂದು ಪಂಚಕಮಿಟಿ ತೀರ್ಮಾನಿಸಿತ್ತು. ಅಂದಿನಿಂದ ಅವಳು ಬ್ಯಾಡಗಿಯ ಓಣಿಗಳನ್ನು ತಿರುಗಿ, ಮೆಣಸಿನಕಾಯಿ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಒಂದು ಮಳಿಗೆ ಗೊತ್ತುಮಾಡಿಕೊಂಡಿದ್ದಳು. ಹಮಾಲರು, ಲಾರಿಯವರು, ಚೀಲದ ಮೇಲೆ ಕುಳಿತೇ ಊಟದ ಹೊತ್ತು ಕಳೆಯುವ ರೈತರು ದಿನವಿಡೀ ಹಾಯುವ ದಾರಿ ಅದು. ಅಲ್ಲೊಂದು ಖಾನಾವಳಿ ತೆರೆಯಬೇಕು, ಒಲೆ ತನ್ನದಾಗಿರಬೇಕು. ಮಳಿಗೆಯ ಒಡತಿ ಉಚ್ಚಂಗೆವ್ವ ಆ ಅರವತ್ತು ಸಾವಿರದ ಮುಂಗಡಕ್ಕಾಗಿ ಸೋಮವಾರ ಸಂಜೆಯವರೆಗೆ ಮಾತ್ರ ತಡೆಯುವುದಾಗಿ ಹೇಳಿದ್ದಳು. ಈ ವರ್ಷ ಪ್ರವೇಶಶುಲ್ಕ ಕಟ್ಟಿದ ಯಾರೇ ಆಗಲಿ ಆಡಬಹುದೆಂಬ ಚೀಟಿಯನ್ನು ಬಾಗಿಲಿಗೆ ಅಂಟಿಸಿದಾಗ ಮೊದಲು ಓದಿದವಳು ಅವಳೇ, ಏಕೆಂದರೆ ಅಂಟಿಸಲು ಗಂಜಿ ಕಾಯಿಸಿಕೊಟ್ಟವಳೂ ಅವಳೇ.

ಪೋಕರ್ ಈ ಕ್ಲಬ್ಬಿಗೆ ಬಂದದ್ದು ಕುಮಾರಪಟ್ಟಣದ ಕಾರ್ಖಾನೆಯ ಎಂಜಿನಿಯರುಗಳ ಜೊತೆಗೆ, ಹತ್ತು ವರ್ಷಗಳ ಕೆಳಗೆ. ಇಸ್ಪೀಟಿನ ಎರಡು ಎಲೆ ಕೈಯಲ್ಲಿ, ಐದು ಎಲೆ ಮೇಜಿನ ಮೇಲೆ, ಮುಂದೆ ಬಣ್ಣಬಣ್ಣದ ಬಿಲ್ಲೆ. ಬಿಲ್ಲೆ ಮುಗಿದವನು ಎದ್ದು ಹೋಗಬೇಕು. ಆಟ ಹೊರಗಿನದು. ಆದರೆ ಕೊನೆಗೆ ಉಳಿದವರು ಬಹುಮಾನವನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳಲು ಬಯಸಿದಾಗ ನಡೆಯುವ ರೀತಿ ಈ ನೆಲದ್ದು. ಅದನ್ನು ತಂದವನು ಪರಮೇಶಪ್ಪ.

ಪರಮೇಶಪ್ಪನಿಗೆ ಈಗ ಎಪ್ಪತ್ತೆರಡು. ದನದ ಸಂತೆಯಲ್ಲಿ ನಲವತ್ತು ವರ್ಷ ದಲಾಲಿ ಮಾಡಿದ ಮನುಷ್ಯ. ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಎತ್ತಿನ ಬೆಲೆ ಕಟ್ಟಿದವನು. ಆಟಕ್ಕೆ ಪಂಚನಾದ ಮೇಲೆ ಅದೇ ವಲ್ಲಿಯನ್ನು ಇಲ್ಲಿಗೂ ತಂದ. ಯಾರಾದರೊಬ್ಬರು ಹಂಚಿಕೆಯ ಮಾತನ್ನು ಬಾಯಿಬಿಟ್ಟು ಎಲ್ಲರೆದುರು ಹೇಳಬೇಕು. ಆಮೇಲೆ ಅವನು ಒಬ್ಬೊಬ್ಬರ ಬಳಿ ಬಂದು, ವಲ್ಲಿ ಹೊದಿಸಿ ಅವರ ಬಲಗೈ ಮುಟ್ಟುತ್ತಾನೆ. ಬಿಚ್ಚಿದ ಅಂಗೈ ಎಂದರೆ ಒಪ್ಪಿಗೆ. ಮುಷ್ಟಿ ಎಂದರೆ ಇಲ್ಲ. ಒಂದೇ ಒಂದು ಮುಷ್ಟಿ ಸಿಕ್ಕರೂ "ಆಗಲಿಲ್ಲ" ಎನ್ನುತ್ತಾನೆ, ಆಟ ಮುಂದುವರಿಯುತ್ತದೆ. ಯಾರದೆಂದು ಅವನು ಹೇಳುವಂತಿಲ್ಲ, ಯಾರೂ ಕೇಳುವಂತಿಲ್ಲ, ಕೊಟ್ಟವರೂ ನುಡಿಯುವಂತಿಲ್ಲ. ಹಣ ಹಂಚಿದರೂ ಆಟ ಮುಗಿಸಲೇಬೇಕು. ಹಲಗೆಯ ಮೇಲೆ ಹೆಸರು ಗೆದ್ದವರದೇ. ಇದಾವುದನ್ನೂ ಯಾರೂ ಬರೆದಿಟ್ಟಿರಲಿಲ್ಲ. ಬರೆದಿಡದ ಕಾರಣಕ್ಕೇ ಯಾರೂ ಮೀರಿರಲಿಲ್ಲ.

ಮೊದಲ ಮಾತು ತೆಗೆದವರು ಶಂಕ್ರಪ್ಪ ಮಾಸ್ತರರು. ನಿವೃತ್ತ ಗಣಿತ ಮಾಸ್ತರ, ಜೇಬಿನಲ್ಲಿ ಈಗಲೂ ಸೀಸದ ಕಡ್ಡಿ.

"ನಾ ಲೆಕ್ಕಾ ಹಾಕೇನಿ. ಯಾರ ಮುಂದ ಎಷ್ಟು ಬಿಲ್ಲೆ ಅದಾವು, ಅದರಂಗ ಪಾಲು. ಇದರಾಗ ಯಾರಿಗೂ ಅನ್ಯಾಯ ಇಲ್ಲ."

"ಮಾಸ್ತರ, ಸಾಲ್ಯಾಗೂ ಹಿಂಗ ಮಾರ್ಕ್ಸ್ ಹಂಚತಿದ್ರೇನು?" ಎಂದ ಮಹಮ್ಮದ್ ಹನೀಫ್. ಹಾವೇರಿಯ ಲಾರಿ ಮಾಲಕ. ಎರಡು ದಿನ ಕುಳಿತು ಬೆನ್ನು ಹಿಡಿದಿತ್ತು, ಕುರ್ಚಿಗೆ ದಿಂಬು ಕೊಟ್ಟುಕೊಂಡಿದ್ದ.

"ಹಂಚತಿದ್ದೆ ಹನೀಫಣ್ಣಾ. ನಿಮ್ಮ ಮಗನ ತನಕಾ ಬರೂದ್ರಾಗ ತೀರಿ ಹೋಗತಿದ್ವು."

ನಾಲ್ಕನೆಯವನು ಸುನೀಲಕುಮಾರ, ಬ್ಯಾಡಗಿಯ ಮೆಣಸಿನಕಾಯಿ ಕಮಿಷನ್ ಏಜೆಂಟ, ನಲವತ್ತರ ಪ್ರಾಯ, ಅಗಲವಾದ ನಗು. ಮೇಜಿನ ಮೇಲಿನ ಅರ್ಧ ಬಿಲ್ಲೆಗಳು ಅವನ ಮುಂದೆಯೇ ಇದ್ದವು. ಎಲ್ಲರಿಗಿಂತ ಸಣ್ಣ ಗುಡ್ಡೆ ನಾಗರತ್ನಾಳದು. ಮಾಸ್ತರರ ಲೆಕ್ಕದಲ್ಲಿ ಅವಳ ಪಾಲಿಗೆ ಬರುತ್ತಿದ್ದದ್ದು ಮೂವತ್ತೈದು ಸಾವಿರ. ಅದರಿಂದ ಮಳಿಗೆಯ ಬಾಗಿಲು ಅರ್ಧವೇ ತೆರೆದೀತು, ಮತ್ತು ಅರ್ಧ ತೆರೆದ ಬಾಗಿಲನ್ನು ಉಚ್ಚಂಗೆವ್ವ ಬಾಗಿಲೆನ್ನುವುದಿಲ್ಲ.

ವಲ್ಲಿ ಬಂದಿತು. ಬಟ್ಟೆಯ ಕತ್ತಲಲ್ಲಿ ಪರಮೇಶಪ್ಪನ ಒಣಗಿದ ಬೆರಳುಗಳು ಅವಳ ಕೈಯನ್ನು ತಡವಿದವು. ಅವಳು ಮುಷ್ಟಿ ಕೊಟ್ಟಳು.

"ಆಗಲಿಲ್ಲ," ಎಂದು ಪರಮೇಶಪ್ಪ ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡ. ಮಾಸ್ತರರು ಸೀಸದ ಕಡ್ಡಿಯನ್ನು ಜೇಬಿಗಿಳಿಸಿದರು. ಹನೀಫ್ ದಿಂಬು ಸರಿಮಾಡಿಕೊಂಡ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಬಡವರ ಮಾನಕ್ಕೆ ಇಷ್ಟು ಅಗಲದ ಒಂದು ಬಟ್ಟೆ ಸಾಕಾಗುತ್ತದೆಂದು ಅವಳಿಗೆ ಆ ಕ್ಷಣ ಅನ್ನಿಸಿತು.

ಊಟದ ಹೊತ್ತಿಗೆ ಆಟ ನಿಂತಿತು. ಬೆಳಿಗ್ಗೆ ಐದಕ್ಕೆ ಎದ್ದು ಅವಳೇ ಬಡಿದಿಟ್ಟಿದ್ದ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ. "ರತ್ನಕ್ಕ, ಶೇಂಗಾ ಚಟ್ನಿ ಎಲ್ಲೈತಿ?" ಎಂದು ಸುನೀಲಕುಮಾರ ಕೇಳಿದ ಕೂಡಲೇ ಅವಳ ಕಾಲು ತಾನಾಗಿಯೇ ಎದ್ದಿತು. "ಕುಂದ್ರವಾ, ಇವತ್ತು ನೀನೂ ಆಟಗಾರಳು," ಎಂದ ಹನೀಫ್. "ಚಟ್ನಿ ಹುಡುಕಿ ತಿನ್ನಾಕ ಇವನಿಗೂ ಕೈ ಅದಾವು." ಎಲ್ಲರೂ ನಕ್ಕರು. ಅವಳು ಕುಳಿತಳು, ಆದರೆ ಚಟ್ನಿಯ ಡಬ್ಬಿ ಯಾವ ಗೂಡಿನಲ್ಲಿದೆಯೆಂದು ಹೇಳದೆ ಇರಲಾಗಲಿಲ್ಲ.

ಕೈ ತೊಳೆದು ಮೇಜಿಗೆ ಬಂದ ಮೇಲೆ ಸುನೀಲಕುಮಾರ ಗಂಟಲು ಸರಿಮಾಡಿಕೊಂಡ. ಸುತ್ತ ನಿಂತು ನೋಡುತ್ತಿದ್ದವರಿಗೂ ಕೇಳುವ ಹಾಗೆ ಹೇಳಿದ:

"ನೋಡ್ರಿ, ಅರ್ಧಾ ರಾಶಿ ನನ್ನ ಮುಂದ ಐತಿ. ಆದರೂ ನಾ ಹೇಳಾಕತ್ತೇನಿ, ನಾಕೂ ಮಂದಿ ಸಮಾ ಹಂಚ್ಕೊಳ್ಳೂಣು. ಅರವತ್ತು, ಅರವತ್ತು. ರತ್ನಕ್ಕನ ಖಾನಾವಳಿನೂ ಆಗಲಿ. ಆಕಿ ರೊಟ್ಟಿ ತಿಂದ ಬಾಯಿ ಇದು, ಇದರಾಗ ಎರಡು ಮಾತಿಲ್ಲ."

ಸುತ್ತಲಿನವರಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಮೊದಲಿಗೆ ಒಂದು ಲಕ್ಷ ಇಪ್ಪತ್ತು, ಎರಡನೆಯದಕ್ಕೆ ಐವತ್ತೈದು, ಆಮೇಲೆ ನಲವತ್ತು, ಇಪ್ಪತ್ತೈದು ಎಂದಿದ್ದ ಬಹುಮಾನಗಳು ಒಂದೇ ಮಾತಿನಲ್ಲಿ ಸಮತಟ್ಟಾದವು. ಮಾಸ್ತರರ ತುಟಿ ನಡುಗಿತು. ಅವರಿಗೂ ಅರವತ್ತು ದೊಡ್ಡದೇ. ಹನೀಫ್, "ಇದು ಮನುಷ್ಯಾರ ಮಾತು. ಲಗೂ ವಲ್ಲಿ ತರ್ರಿ ಅಜ್ಜಾರ, ನನ್ನ ಬೆನ್ನು ಆಶೀರ್ವಾದಾ ಮಾಡ್ತೈತಿ," ಎಂದ.

ನಾಗರತ್ನಾಳ ಎದೆಯೊಳಗೆ ಒಲೆ ಹೊತ್ತಿತು. ಆ ಮಳಿಗೆಯ ಗೋಡೆಗೆ ಯಾವ ಬಣ್ಣ, ನೀರಿನ ಹಂಡೆ ಎಲ್ಲಿ, ಎಲ್ಲವೂ ಒಮ್ಮೆಲೇ ಕಂಡಿತು. ವಲ್ಲಿ ಬಂದಾಗ ಅವಳು ಅಂಗೈಯನ್ನು ಪೂರ್ತಿ ಬಿಚ್ಚಿ, ಐದೂ ಬೆರಳುಗಳನ್ನು ದೂರದೂರ ಹರವಿ ಕೊಟ್ಟಳು. ತಪ್ಪು ತಿಳಿಯಲು ಎಡೆಯೇ ಇರಬಾರದೆಂಬಂತೆ.

ಪರಮೇಶಪ್ಪ ಕೊನೆಯ ಕೈಯನ್ನೂ ಮುಟ್ಟಿ ನೇರವಾಗಿ ನಿಂತ.

"ಆಗಲಿಲ್ಲ."

ಈ ಸಲ ಯಾರೂ ಕಣ್ಣು ತಗ್ಗಿಸಲಿಲ್ಲ. ಎಲ್ಲರ ದೃಷ್ಟಿಯೂ ಅವಳ ಮೇಲೆಯೇ ಬಂದು ಕುಳಿತಿತು. ಮಾತು ತೆಗೆದವನು ಸುನೀಲಕುಮಾರ, ಒಪ್ಪದೆ ಇರುವನೇ? ಹನೀಫನ ಬೆನ್ನು, ಮಾಸ್ತರರ ತುಟಿ ಎಲ್ಲರಿಗೂ ಕಂಡಿದ್ದವು. ಉಳಿದದ್ದು ಒಂದೇ ಕೈ.

"ಕೇಳೂ ಹಂಗಿಲ್ಲ, ಅದಕ್ಕ ಕೇಳೂದಿಲ್ಲ," ಎಂದ ಹನೀಫ್ ಮೇಜನ್ನು ನೋಡುತ್ತ. "ಆದರ ಬಡಿಸಿದ ತಾಟು ಒದೀಬಾರದು, ತಂಗಿ."

"ಇದ್ದ ಬಿಲ್ಲೆ ಒಂದು ಬೊಗಸಿ, ಹಟಾ ಮಾತ್ರ ಒಂದು ಚಕ್ಕಡಿ," ಎಂದರು ಮಾಸ್ತರರು.

"ಹೋಗ್ಲಿ ಬಿಡ್ರಿ, ಅವರವರ ಇಷ್ಟ," ಎಂದ ಸುನೀಲಕುಮಾರ, ಕುರ್ಚಿಗೆ ಒರಗಿ. "ಯಾರರ ಒಂದು ಚಹಾ ಹೇಳ್ರಿ ನನಗ. ಸಕ್ಕರಿ ಜಾಸ್ತಿ."

ನಾಗರತ್ನಾ ತಲೆ ಎತ್ತಿದಳು. ಹತ್ತು ವರ್ಷ ಆ ಚಹಾವನ್ನು ಹೊತ್ತು ತಂದವಳು ಅವಳು. ಒಳ್ಳೆಯ ಎಲೆ ಬಂದಾಗ ಸುನೀಲಕುಮಾರನಿಗೆ ಹಸಿವು ನೀರಡಿಕೆ ಒಂದೂ ತೋರುತ್ತಿರಲಿಲ್ಲ. ಕೈಯಲ್ಲಿ ಏನೂ ಇಲ್ಲದೆ, ಇದೆಯೆಂದು ಬಿಲ್ಲೆ ತಳ್ಳಿದಾಗ ಮಾತ್ರ ಅವನು ಚಹಾ ಕೇಳುತ್ತಿದ್ದ, ಸಕ್ಕರೆ ಜಾಸ್ತಿ ಹಾಕಿಸಿ. ಮುಷ್ಟಿ ಯಾರದೆಂಬುದು ಅವಳಿಗೆ ಅಲ್ಲಿಗೆ ಗೊತ್ತಾಗಿಹೋಯಿತು. ಔದಾರ್ಯ ಬಾಯಿಯದು, ಮುಷ್ಟಿ ಕೈಯದು. ಬೆಳಿಗ್ಗೆಯ ಮುಷ್ಟಿ ಅವಳದೆಂದು ಊಹಿಸಿ, ಈಗಲೂ ಅವಳದೇ ಇರುತ್ತದೆ, ತನ್ನದು ಅದರ ಹಿಂದೆ ಅಡಗುತ್ತದೆ ಎಂದುಕೊಂಡಿದ್ದ.

'ನಾ ಕೈ ಬಿಚ್ಚಿದ್ದೆ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೂರು ಶಬ್ದ. ಹೇಳಿದರೆ ಮಾಸ್ತರರ ಮುಖ ತಿಳಿಯಾಗುತ್ತಿತ್ತು. ಎದುರಿಗೆ ಪರಮೇಶಪ್ಪ ವಲ್ಲಿಯನ್ನು ಮಡಿಸುತ್ತಿದ್ದ. ಸಾಮಾನ್ಯವಾಗಿ ಹೆಗಲಿಗೆ ಎಸೆಯುವವನು ಅಂದು ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಿದ್ದ. ಅವಳನ್ನು ನೋಡಲಿಲ್ಲ. ಬೆಳಿಗ್ಗೆ ಅದೇ ಬಟ್ಟೆ ಅವಳ ಮುಷ್ಟಿಯನ್ನು ಮುಚ್ಚಿತ್ತು. ತನಗೆ ನೆರಳಾದಾಗ ಮರ, ಇನ್ನೊಬ್ಬನಿಗೆ ನೆರಳಾದಾಗ ಸೌದೆ ಎನ್ನಲಾಗುತ್ತದೆಯೆ? ಅವಳು ಆ ಮೂರು ಶಬ್ದಗಳನ್ನು ನುಂಗಿಕೊಂಡಳು.

"ಎಲಿ ಹಾಕ್ರಿ ಅಜ್ಜಾರ," ಎಂದಳು.

ಪರಮೇಶಪ್ಪ ಎಲೆ ಹಾಕಲಿಲ್ಲ. ಅಡುಗೆಮನೆಗೆ ತಾನೇ ನಡೆದುಹೋದ. ಒಳಗೆ ಪಾತ್ರೆಗಳನ್ನು ತಡಕಾಡಿದ ಸದ್ದು. ಹತ್ತು ನಿಮಿಷದ ಮೇಲೆ ಎರಡು ಕಪ್ಪು ಹಿಡಿದು ಬಂದ, ಒಂದರ ಬಸಿಯಲ್ಲಿ ಚಹಾ ಚೆಲ್ಲಿತ್ತು. ಮೊದಲ ಕಪ್ಪನ್ನು ನಾಗರತ್ನಾಳ ಮುಂದಿಟ್ಟ. ಎರಡನೆಯದನ್ನು ಸುನೀಲಕುಮಾರನ ಮುಂದೆ. ಹತ್ತೊಂಬತ್ತು ವರ್ಷಗಳಲ್ಲಿ ಆ ಕ್ಲಬ್ಬಿನಲ್ಲಿ ಅವಳಿಗೆ ಯಾರಾದರೂ ಚಹಾ ತಂದುಕೊಟ್ಟದ್ದು ಅದೇ ಮೊದಲು. ಸಕ್ಕರೆ ಹಾಕುವುದನ್ನು ಮರೆತಿದ್ದ. ಅವಳು ಪೂರ್ತಿ ಕುಡಿದಳು.

ಆಮೇಲೆ ಅವಳು ಆಡಿದ ರೀತಿಯನ್ನು ನೋಡಿದವರು ಈಗಲೂ ನೆನೆಯುತ್ತಾರೆ. ಅವಸರವಿಲ್ಲ, ಸಿಟ್ಟಿಲ್ಲ. ಬೇಡದ ಎಲೆಗಳನ್ನು ಕಾಳಿನೊಳಗಿನ ಹರಳಿನಂತೆ ಆರಿಸಿ ಬಿಸಾಡುತ್ತ, ಒಂದು ಗಂಟೆ ತನ್ನ ಬೊಗಸೆ ಬಿಲ್ಲೆಗಳನ್ನು ಕಾದಳು. ಅಷ್ಟರಲ್ಲಿ ಶಂಕ್ರಪ್ಪ ಮಾಸ್ತರರು ಹನೀಫನೆದುರು ಎಲ್ಲ ಕಳೆದುಕೊಂಡು ಎದ್ದರು. "ಅರವತ್ತು ಇದ್ದದ್ದು ಇಪ್ಪತ್ತೈದಾತು. ನೆನಪಿಟ್ಟೇನಿ ನಾಗರತ್ನಾ," ಎಂದರು, ಹಾಜರಿ ಕೂಗುವ ದನಿಯಲ್ಲಿ. ಆ ಮಾತಿನ ಭಾರ ಅವಳದಲ್ಲ. ಆದರೂ ಹೊತ್ತುಕೊಂಡು ಕುಳಿತಳು.

ನಾಲ್ಕು ಗಂಟೆಗೆ ಸುನೀಲಕುಮಾರ ದೊಡ್ಡ ಗುಡ್ಡೆಯೊಂದನ್ನು ನಡುವಿಗೆ ತಳ್ಳಿ, ಹಿಂದಕ್ಕೊರಗಿ, "ಇನ್ನೊಂದು ಚಹಾ ಸಿಗಬಹುದೇನು?" ಎಂದ. ನಾಗರತ್ನಾಳ ಕೈಯಲ್ಲಿದ್ದದ್ದು ಒಂದು ಜೋಡಿ ಒಂಬತ್ತು ಅಷ್ಟೇ. ಅವಳು ಇದ್ದ ಬಿಲ್ಲೆಗಳನ್ನೆಲ್ಲ ಮುಂದಿಟ್ಟಳು. ಅವನ ಎಲೆಗಳಲ್ಲಿ ಏನೂ ಇರಲಿಲ್ಲ; ಅವಳ ಗುಡ್ಡೆ ಇಮ್ಮಡಿಯಾಯಿತು. ಮುಂದಿನ ಅರ್ಧ ಗಂಟೆಯಲ್ಲಿ ಹನೀಫ್ ಅವಳಿಗೇ ಸೋತು, ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಗೋಡೆಯ ಪಕ್ಕ ನಿಂತ. ಮೇಜಿನಲ್ಲಿ ಇಬ್ಬರೇ ಉಳಿದರು. ಬಿಲ್ಲೆಯ ಮೂರು ಪಾಲಿನಲ್ಲಿ ಎರಡು ಈಗ ಅವಳ ಮುಂದಿತ್ತು.

ಗೆದ್ದರೆ ಒಂದು ಲಕ್ಷ ಇಪ್ಪತ್ತು. ಸೋತರೆ ಐವತ್ತೈದು, ಐದು ಕಡಿಮೆ. ಉಚ್ಚಂಗೆವ್ವ ಐದು ಬಿಡುವ ಹೆಂಗಸಲ್ಲ.

ಸುನೀಲಕುಮಾರ ಕರವಸ್ತ್ರದಿಂದ ಕೊರಳು ಒರೆಸಿಕೊಂಡ. ನಗು ಇತ್ತು, ಅಗಲವಿರಲಿಲ್ಲ. "ಉಳಿದದ್ದು ಅರ್ಧಾ ಅರ್ಧಾ ಮಾಡೂಣೇನು, ರತ್ನಕ್ಕ? ಇಬ್ಬರಿಗೂ ಎಂಬತ್ತೇಳೂವರಿ ಸಾವಿರ."

"ಇಬ್ಬರಿಗೆ ವಲ್ಲಿ ಯಾಕಪಾ? ಮುಚ್ಚಿದ್ರೂ ತೆರದ್ರೂ ಅಷ್ಟ," ಎಂದಿತು ಗುಂಪಿನಲ್ಲೊಂದು ದನಿ.

"ಇಬ್ಬರಿರಲಿ, ಇಪ್ಪತ್ತು ಮಂದಿ ಇರಲಿ. ರೀತಿ ರೀತಿನ," ಎಂದು ಪರಮೇಶಪ್ಪ ನಾಲ್ಕು ಮಡಿಕೆಯ ವಲ್ಲಿಯನ್ನು ಬಿಚ್ಚಿದ.

ಮೊದಲು ಸುನೀಲಕುಮಾರನ ಕೈ. ಆಮೇಲೆ ಅವಳದು. ಬಟ್ಟೆಯ ಕೆಳಗೆ ಹೋಗುವಾಗಲೇ ಆ ಕೈ ಮುಷ್ಟಿಯಾಗಿತ್ತು. ಅವಳು ಮಾಡಿದ್ದಲ್ಲ, ಮಧ್ಯಾಹ್ನದಿಂದ ಅದು ಒಳಗೊಳಗೇ ಬಿಗಿಯುತ್ತ ಬಂದಿತ್ತು. ಇಲ್ಲವೆಂದರೆ ಎಲ್ಲರಿಗೂ ಗೊತ್ತಾಗುತ್ತದೆ, ಗೊತ್ತಾಗಲಿ. ತಟ್ಟೆ ಒದ್ದವಳೆಂಬ ಹೆಸರು ಹೇಗೂ ಬಂದಿದೆ, ಒಮ್ಮೆ ಒದ್ದೇಬಿಡಬಹುದು. ಪರಮೇಶಪ್ಪನ ಬೆರಳುಗಳು ಮುಷ್ಟಿಯ ಮೇಲೆ ಕುಳಿತು ಕಾದವು. ಸಂತೆಯ ದಲಾಲಿಗೆ ಅವಸರ ಗೊತ್ತಿಲ್ಲ. ಅವಳಿಗೆ ಮಳಿಗೆ ನೆನಪಾಯಿತು. ಗೋಡೆ, ಹಂಡೆ, ಬಾಗಿಲ ಮುಂದೆ ಹಾಯುವ ಹಸಿದ ಜನ. ಸಿಟ್ಟನ್ನು ಯಾವ ಒಡತಿಯೂ ಮುಂಗಡವೆಂದು ಇಟ್ಟುಕೊಳ್ಳುವುದಿಲ್ಲ. ಬೆರಳುಗಳನ್ನು ಒಂದೊಂದಾಗಿ, ಬೇರೆ ಯಾರದೋ ಕೈಯಿಂದ ಏನನ್ನೋ ಬಿಡಿಸುವಂತೆ ಬಿಡಿಸಿದಳು.

"ಆತು," ಎಂದ ಪರಮೇಶಪ್ಪ.

ಗೋಡೆಯ ಪಕ್ಕದಿಂದ ಹನೀಫ್ ನಿಧಾನವಾಗಿ, "ಅಲ್ಲಾ, ಮುಂದ ಇದ್ದಾಗ ಕೈ ಬಿಚ್ಚಿದಾಕಿ, ಹಿಂದ ಇದ್ದಾಗ ಯಾಕ…" ಎಂದು ಶುರುಮಾಡಿದ.

"ಹನೀಫಾ," ಎಂದ ಪರಮೇಶಪ್ಪ. "ಕೇಳೂ ಹಂಗಿಲ್ಲ."

ಹನೀಫ್ ಮಾತು ನಿಲ್ಲಿಸಿದ. ಆದರೆ ಅವನ ನೋಟ ನಾಗರತ್ನಾಳನ್ನು ಬಿಟ್ಟು ಸುನೀಲಕುಮಾರನ ಮೇಲೆ ಹೋಗಿ ನಿಂತಿತು. ಪಕ್ಕದಲ್ಲಿದ್ದ ಶಂಕ್ರಪ್ಪ ಮಾಸ್ತರರದೂ ಅದನ್ನೇ ಹಿಂಬಾಲಿಸಿತು. ಸುನೀಲಕುಮಾರ ಎಲೆಗಳನ್ನು ನೋಡುವ ನೆಪದಲ್ಲಿ ಮುಂದಕ್ಕೆ ಬಾಗಿ, ಅವಳಿಗೆ ಮಾತ್ರ ಕೇಳುವ ಹಾಗೆ ಕೇಳಿದ: "ಆವಾಗೂ ಬಿಚ್ಚಿದ್ದಿರೇನು, ಅಕ್ಕಾ?"

"ಆವಾಗಿನ ಕೈ ಆವಾಗ ತೊಳಕೊಂಡೇನ್ರಿ, ಸಾವಕಾರ್ರ. ಎಲಿ ನೋಡ್ರಿ."

ಇನ್ನು ಉಳಿದದ್ದು ಹೆಸರು ಮಾತ್ರ. ಎರಡು ಸುತ್ತು ಸರಳವಾಗಿ ನಡೆದವು. ಮೂರನೆಯದರಲ್ಲಿ ಮೇಜಿನ ಮೇಲೆ ಎರಡು ಎಕ್ಕ ಬಿದ್ದಿದ್ದವು. ನಾಗರತ್ನಾ ಸಣ್ಣದೊಂದು ಪಣ ಇಟ್ಟಳು. ಸುನೀಲಕುಮಾರ ತನ್ನ ಎಲೆಗಳನ್ನು ಎಸೆದು, "ನಿಮ್ಮದ ಅಕ್ಕಾ," ಎಂದ. ಎಸೆದ ರಭಸಕ್ಕೆ ಒಂದು ಎಲೆ ಮಗುಚಿಕೊಂಡಿತು. ಅದೂ ಎಕ್ಕವೇ. ಮೇಜಿನವು ಸೇರಿ ಮೂರು ಎಕ್ಕ ಇಟ್ಟುಕೊಂಡು ಯಾರೂ ಆಟ ಬಿಡುವುದಿಲ್ಲ.

ಅವಳು ಗೆದ್ದ ಬಿಲ್ಲೆಗಳನ್ನು ಎಳೆದುಕೊಳ್ಳಲಿಲ್ಲ. ಮಧ್ಯಾಹ್ನದ ಆಪಾದನೆಗೆ ಏರದ ದನಿ ಈಗ ಏರಿತು.

"ಸಾವಕಾರ್ರ, ಇದೇನ್ರಿ? ಹಲಗಿ ಮ್ಯಾಲ ನನ್ನ ಹೆಸರು ನೀವು ಬರಸ್ತೀರೇನು?"

"ಹಂಗಲ್ಲಕ್ಕಾ, ನಾ ಅಂದೆ, ನಿಮಗರ…"

"ಹತ್ತೊಂಬತ್ತು ವರ್ಷ ಮಂದಿ ಬಿಟ್ಟಿದ್ದು ಎತ್ತಿದ ಕೈ ಇದು. ಇವತ್ತೊಂದು ದಿನ ಎತ್ತೂದಿಲ್ಲ. ಖರೇ ಆಡ್ರಿ. ಇಲ್ಲಾಂದ್ರ ಇದೂ ಅಜ್ಜಾರಿಗೆ ಹೇಳೂ ಮಾತ ಆಗ್ತೈತಿ."

ಸುನೀಲಕುಮಾರ ಕೆಂಪಾದ. ಆಮೇಲೆ ಅಂಗಿಯ ತೋಳು ಮಡಿಸಿಕೊಂಡ. ಅಲ್ಲಿಂದ ಮುಂದೆ ಅವನು ಒಮ್ಮೆಯೂ ಚಹಾ ಕೇಳಲಿಲ್ಲ. ಬಿಲ್ಲೆಗಳು ಅತ್ತಿಂದಿತ್ತ, ಇತ್ತಿಂದತ್ತ ಹರಿದು ಇಬ್ಬರ ಗುಡ್ಡೆಗಳೂ ಸಮಸಮ ಬಂದವು. ಕಿಟಕಿಯ ಬಿಸಿಲು ಮೇಜಿನಿಂದ ಇಳಿದು ನೆಲಕ್ಕೆ ಹೋಯಿತು. ಕೊನೆಯ ಸುತ್ತಿನಲ್ಲಿ ಅವಳ ಕೈಯಲ್ಲಿ ರಾಜ, ರಾಣಿ. ಮೇಜಿನ ಮೇಲೂ ಒಂದು ರಾಜ, ಒಂದು ರಾಣಿ, ಪಕ್ಕದಲ್ಲೊಂದು ಏಳು. ಸುನೀಲಕುಮಾರ ಎಲ್ಲ ಬಿಲ್ಲೆಗಳನ್ನೂ ತಳ್ಳಿದ; ಬಾಯಿ ಒಣಗಿತ್ತು, ಏನನ್ನೂ ಕೇಳಲಿಲ್ಲ. ಅವನ ಕೈ ಖರೆಯೆಂದು ಅವಳಿಗೆ ತಿಳಿಯಿತು. ತನ್ನದೂ ಖರೆಯೇ. ಇಂಥ ಎಲೆ ಹಿಡಿದು ಹಿಂದೆ ಸರಿದರೆ, ಇಷ್ಟು ಹೊತ್ತು ಕೇಳಿದ್ದೇನು? ಅವಳೂ ತಳ್ಳಿದಳು.

ಅವನು ಜೋಡಿ ಏಳು ತೆರೆದಿಟ್ಟ. ಮೇಜಿನದು ಸೇರಿ ಮೂರು, ಅವಳ ಎರಡು ಜೋಡಿಗಿಂತ ಮೇಲು. ಉಳಿದ ಎಲೆಗಳು ಅವಳಿಗೆ ಏನನ್ನೂ ತರಲಿಲ್ಲ.

ನಾಗರತ್ನಾ ಎದ್ದು ನಿಂತು ಕೈ ಚಾಚಿದಳು. ಸುನೀಲಕುಮಾರ ಆ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡ. ಶಂಕ್ರಪ್ಪ ಮಾಸ್ತರರು ಹತ್ತಿರ ಬಂದು, ಕೆಮ್ಮಿ, "ಬ್ಯಾಡಗ್ಯಾಗ ಎಲ್ಲೆ ಬರ್ತೈತಿ ನಿನ್ನ ಖಾನಾವಳಿ?" ಎಂದರು. ಅವಳು ದಾರಿ ಹೇಳಿದಳು. ಅವರು ಸೀಸದ ಕಡ್ಡಿ ತೆಗೆದು ಬರೆದುಕೊಂಡರು.

ಮರುದಿನ ಹತ್ತು ಗಂಟೆಯ ಬಸ್ಸಿಗೆ ಅವಳು ಬ್ಯಾಡಗಿಯಲ್ಲಿ ಇಳಿದಳು. ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು. ಅವಳಿಗೆ ಎರಡು ಸೀನು ಬಂದವು. ಉಚ್ಚಂಗೆವ್ವ ಮಳಿಗೆಯ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಸುದ್ದಿ ಅರ್ಧ ಮಾತ್ರ ತಲುಪಿತ್ತು.

"ಗೆದ್ದೇನವಾ?" ಎಂದಳು.

"ಇಲ್ಲಬೇ, ಸೋತೇನಿ," ಎಂದು ನಾಗರತ್ನಾ ಚೀಲದಿಂದ ಲಕೋಟೆ ತೆಗೆದು ಅವಳ ಮಡಿಲಲ್ಲಿಟ್ಟಳು. "ಕೀಲಿ ಕೊಡು."